ಟೆಸೋರೋ ಚಿನ್ನ ಸೃಷ್ಟಿಸುತ್ತಾನೆಯೇ?

ಪ್ರಶ್ನೆ: ಕಡಲ್ಗಳ್ಳರ ಅನಿಮೆ ‘ಒನ್ ಪೀಸ್’ನ ಖಳ ಗಿಲ್ಡ್ ಟೆಸೋರೋ ಬರಿಗೈಯಿಂದ ಚಿನ್ನ ಹುಟ್ಟಿಸಬಲ್ಲನೇ?

ಉತ್ತರ: ಇಲ್ಲ. 2016ರಲ್ಲಿ ತೆರೆಕಂಡ ‘ಒನ್ ಪೀಸ್ ಫಿಲ್ಮ್: ಗೋಲ್ಡ್’ನ ಈ ಖಳ ತಿಂದದ್ದು ‘ಗೋರು ಗೋರು’ ಎಂಬ ಮಾಯಾಹಣ್ಣು. ಅದರಿಂದ ಅವನಿಗೆ ದಕ್ಕಿದ್ದು ಚಿನ್ನದ ಮೇಲಿನ ಹಿಡಿತ ಮಾತ್ರ. ಅದೂ ತಾನು ಒಮ್ಮೆ ಮುಟ್ಟಿದ ಚಿನ್ನದ ಮೇಲೆ. ನಿಜಲೋಕದ ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಇವನಿಗೆ ಕುಲುಮೆಯ ಹಂಗಿಲ್ಲ. ಬೇಕೆಂದಾಗ ಅದು ನೀರಾಗಿ ಹರಿಯುತ್ತದೆ, ಬೇಕೆಂದಾಗ ಕಲ್ಲಾಗುತ್ತದೆ.

ನನಗೆ ಅವನ ಮುಷ್ಟಿಗಿಂತ ಭಯಂಕರವಾಗಿ ಕಂಡದ್ದು ಅವನ ಅತಿಥಿಸತ್ಕಾರ! ಅವನ ಜೂಜಿನ ಹಡಗುನಗರಿ ‘ಗ್ರಾನ್ ಟೆಸೋರೋ’ಗೆ ಕಾಲಿಟ್ಟವರ ಮೇಲೆ ಚಿನ್ನದ ಪುಡಿಯ ಮಳೆ ಸುರಿಯುತ್ತದೆ. ಜನ ಹಿಗ್ಗಿ ಕುಣಿಯುತ್ತಾರೆ. ಆ ಪುಡಿ ಮೈಗೆ ಅಂಟಿತೆಂದರೆ ಮುಗಿಯಿತು: ಎದುರು ನಿಂತವರನ್ನು ಅವನು ಅಲ್ಲೇ ಚಿನ್ನದ ಪ್ರತಿಮೆಯಾಗಿಸಬಲ್ಲ. ಕಥಾನಾಯಕ ಲೂಫಿಯ ಗೆಳೆಯ ಜೋರೋ ಸಿಕ್ಕಿಬೀಳುವುದು ಹೀಗೆಯೇ.

ಹಾಗಾದರೆ ಮದ್ದೇನು? ಸಮುದ್ರದ ನೀರು. ಮಾಯಾಹಣ್ಣು ತಿಂದವರಿಗೆಲ್ಲ ಕಡಲೇ ಶತ್ರು. ಉಪ್ಪುನೀರು ತಾಕಿದ ಚಿನ್ನವೂ ಅವನ ಅಂಕೆ ತಪ್ಪುತ್ತದೆ. ಇಷ್ಟಾದರೂ ಈ ಆಸಾಮಿ ನಗರ ಕಟ್ಟಿದ್ದು ನಡುಗಡಲಿನಲ್ಲಿ!