ಹವಾ ಎಷ್ಟಿರಬೇಕು? ಘಟ್ಟ ಇಳಿಯುವ ಪಿಕಪ್‌ಗಳಿಗೆ ಒಂದು ಲೆಕ್ಕ

ಕುಂಡಯಿ (ಗೋವಾ): ಬೆಳಗಾವಿಯಿಂದ ಕೋಸು, ಬದನೆ, ಹಸಿಮೆಣಸಿನಕಾಯಿ ತುಂಬಿಕೊಂಡ ಪಿಕಪ್ ವಾಹನಗಳು ಖಾನಾಪುರ, ಲೋಂಡಾ, ರಾಮನಗರ ದಾಟಿ, ಅನ್ಮೋಡ್ ಘಟ್ಟ ಇಳಿದು, ಮೊಲ್ಲೆಂ, ಫೋಂಡಾ ಮೂಲಕ ಕುಂಡಯಿ ಕಡೆ ಬರುತ್ತವೆ. ಗೋವಾದ ಅಡುಗೆ ಮನೆಗಳಿಗೆ ತರಕಾರಿ ಹೋಗುವುದು ಹೆಚ್ಚಾಗಿ ಘಟ್ಟದ ಮೇಲಿನಿಂದಲೇ. ಕುಂಡಯಿ ಕೈಗಾರಿಕಾ ವಸಾಹತಿನಿಂದಲೂ ದಿನವಿಡೀ ಸರಕಿನ ಪಿಕಪ್‌ಗಳು ಹೊರಬೀಳುತ್ತವೆ. ಈ ಗಾಡಿಗಳ ಸ್ಟೇರಿಂಗ್ ಹಿಡಿದವರಲ್ಲಿ ಗಡಿಭಾಗದ ಕನ್ನಡಿಗರು ಬಹಳಷ್ಟು ಮಂದಿ.

ಪಂಕ್ಚರ್ ಅಂಗಡಿಯ ಮುಂದೆ ಗಾಡಿ ನಿಂತಾಗ ನಡೆಯುವ ಮಾತು ಇಷ್ಟೇ. "ಹವಾ ಎಷ್ಟ ಹೊಡೀಲಿ ಅಣ್ಣಾರ?" "ಯಾವಾಗಿನಷ್ಟ ಹೊಡೀರಿ." ಆ 'ಯಾವಾಗಿನಷ್ಟು' ಎಷ್ಟು ಎಂಬುದು ಇಬ್ಬರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಗಾಳಿ ಎನ್ನಿ, ಹವಾ ಎನ್ನಿ, ಸಾಲದ ಕಂತು, ಹೊತ್ತ ಮಾಲು ಮತ್ತು ಚಾಲಕನ ಜೀವ ಮೂರೂ ನಿಂತಿರುವುದು ಅದರ ಮೇಲೆ.

ಸರಿಯಾದ ಅಂಕಿ ಎಲ್ಲಿದೆ?

ಒಂದೇ ಅಂಕಿ ಎಲ್ಲ ಗಾಡಿಗೂ ಹೊಂದುವುದಿಲ್ಲ. ಟಾಟಾ ಏಸ್‌ನಂಥ ಚಿಕ್ಕ ಗಾಡಿಗೆ ಬೇಕಾದ ಹವಾ ಬೇರೆ, ಬೊಲೆರೊ ಪಿಕಪ್‌ಗೆ ಬೇಕಾದದ್ದು ಬೇರೆ. ಒಂದೇ ಗಾಡಿಯಲ್ಲೂ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ವ್ಯತ್ಯಾಸವಿರುತ್ತದೆ. ಸರಕಿನ ಹೆಚ್ಚಿನ ಭಾರ ಹಿಂದಿನ ಆಕ್ಸಲ್ ಮೇಲೆ ಬೀಳುವುದರಿಂದ ಅಲ್ಲಿ ಹೆಚ್ಚು ಹವಾ ಬೇಕು. ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿ ಅಥವಾ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಬರೆದಿರುತ್ತದೆ. ಕೆಲವು ಗಾಡಿಗಳಿಗೆ ಖಾಲಿ ಇದ್ದಾಗ ಮತ್ತು ತುಂಬಿದಾಗ ಎಂದು ಎರಡು ಅಂಕಿ ಕೊಟ್ಟಿರುತ್ತಾರೆ.

ಟೈರಿನ ಬದಿಯಲ್ಲೂ ಒಂದು ಅಂಕಿ ಇರುತ್ತದೆ. ಹಲವರು ಅದನ್ನೇ ನೋಡಿ ಹವಾ ಹೊಡೆಸುತ್ತಾರೆ. ಅದು ಆ ಟೈರು ತನ್ನ ಪೂರ್ತಿ ಭಾರ ಹೊರುವಾಗಿನ ಗರಿಷ್ಠ ಮಿತಿ. ನಿಮ್ಮ ಗಾಡಿಗೆ ಬೇಕಾದದ್ದು ಅಷ್ಟೇ ಎಂದು ಅದರ ಅರ್ಥವಲ್ಲ.

ಮಾಪನದ ಹೆಸರುಗಳೂ ಗೊಂದಲ ಹುಟ್ಟಿಸುತ್ತವೆ. ನಮ್ಮ ಕಡೆ 'ಪೌಂಡು', 'ಪಾಯಿಂಟು' ಎನ್ನುವುದು ಪಿ.ಎಸ್.ಐ. ಲೆಕ್ಕ. ಚೀಟಿಯಲ್ಲಿ ಕಿಲೋಪಾಸ್ಕಲ್ ಅಥವಾ ಬಾರ್ ಎಂದಿದ್ದರೆ 50 ಪೌಂಡು ಎಂದರೆ ಸುಮಾರು 345 ಕಿಲೋಪಾಸ್ಕಲ್, ಅಂದರೆ 3.4 ಬಾರ್ ಎಂದು ನೆನಪಿಡಬಹುದು.

ಘಟ್ಟ ಇಳಿದ ಮೇಲಿನ ತಪ್ಪು

ಚೀಟಿಯ ಅಂಕಿ ತಣ್ಣಗಿನ ಟೈರಿಗೆ ಹೇಳಿದ್ದು. ಗಾಡಿ ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿ.ಮೀ.ಗಿಂತ ಹೆಚ್ಚು ಓಡಿರಬಾರದು. ಓಡುತ್ತಾ ಹೋದಂತೆ ಟೈರು ಕಾಯುತ್ತದೆ, ಒಳಗಿನ ಹವಾದ ಒತ್ತಡ ಏರುತ್ತದೆ. 50 ಪೌಂಡಿನ ಟೈರಿನಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಸುಮಾರು 2 ಪೌಂಡು ಹೆಚ್ಚಾಗುತ್ತದೆ. ಭಾರ ಹೊತ್ತು ಘಟ್ಟ ಇಳಿಯುವಾಗ ಬ್ರೇಕಿನ ಕಾವೂ ರಿಮ್ಮಿಗೆ ತಗಲುತ್ತದೆ.

ಈಗ ಒಂದು ಲೆಕ್ಕ ನೋಡಿ. ಬೆಳಗಾವಿಯಲ್ಲಿ ನಸುಕಿನಲ್ಲಿ 50 ಪೌಂಡು ಹೊಡೆಸಿದ ಗಾಡಿ ಫೋಂಡಾ ಮುಟ್ಟುವಾಗ ಗೇಜಿನಲ್ಲಿ 56 ತೋರಿಸಿತು ಎನ್ನೋಣ. "ಹವಾ ಜಾಸ್ತಿ ಆಗಿದೆ, ಟೈರ್ ಒಡೆದೀತು" ಎಂದು ಚಾಲಕ 6 ಪೌಂಡು ಬಿಡಿಸುತ್ತಾನೆ. ಮರುದಿನ ಬೆಳಗ್ಗೆ ಟೈರು ತಣ್ಣಗಾದಾಗ ಅಲ್ಲಿ ಉಳಿಯುವುದು 44, 45 ಪೌಂಡು ಮಾತ್ರ. ಅದೇ ಟೈರಿನ ಮೇಲೆ ಮತ್ತೆ ಪೂರ್ತಿ ಲೋಡು ಬೀಳುತ್ತದೆ. ಒಡೆಯಬಾರದೆಂದು ಮಾಡಿದ ಕೆಲಸವೇ ಒಡೆಯಲು ದಾರಿ ಮಾಡಿಕೊಡುತ್ತದೆ.

ಬಿಸಿಯಾಗಿ ಏರುವ ಈ ಒತ್ತಡವನ್ನು ಟೈರು ತಯಾರಿಸುವವರು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಹಾಗಾಗಿ ಬಿಸಿ ಟೈರಿನ ಹವಾ ಬಿಡಿಸಲೇಬಾರದು. ಬಿಸಿ ಇದ್ದಾಗಲೇ ಗೇಜು ಚೀಟಿಯ ಅಂಕಿಗಿಂತ ಕಡಿಮೆ ತೋರಿಸಿದರೆ ಹವಾ ನಿಜಕ್ಕೂ ಕಡಿಮೆ ಇದೆ ಎಂದರ್ಥ. ಆಗ ಆ ಅಂಕಿಯವರೆಗಾದರೂ ತುಂಬಿಸಿ, ಮರುದಿನ ತಣ್ಣಗಿರುವಾಗ ಮತ್ತೆ ನೋಡಿ ಸರಿಪಡಿಸಬೇಕು.

ಎತ್ತರದ ಲೆಕ್ಕವೂ ಸ್ವಲ್ಪ ಇದೆ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಕೆಳಗೆ ಬಂದಂತೆ ಹೊರಗಿನ ವಾಯುಭಾರ ಹೆಚ್ಚುವುದರಿಂದ ಗೇಜು ಸುಮಾರು 1 ಪೌಂಡು ಕಡಿಮೆ ತೋರಿಸುತ್ತದೆ. ಗೋವಾದ ಸೆಕೆಯಲ್ಲಿ ಅದು ಸರಿದೂಗುತ್ತದೆ, ಚಿಂತೆ ಬೇಡ.

ಕಡಿಮೆಯಾದರೇನು, ಹೆಚ್ಚಾದರೇನು?

ಹವಾ ಕಡಿಮೆಯಾದಾಗ ಟೈರಿನ ಬದಿ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಡಿಸಿಕೊಳ್ಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗಿ ಕೊನೆಗೆ ತುಂಡಾಗುವಂತೆ, ಒಳಗಿನ ಪದರಗಳು ಕಾದು ಬಿಟ್ಟುಕೊಳ್ಳುತ್ತವೆ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಟೈರಿನ ಎರಡೂ ಅಂಚು ಬೇಗ ಸವೆಯುತ್ತವೆ. ನೀರು ನಿಂತ ರಸ್ತೆಯಲ್ಲಿ ಹವಾ ಕಡಿಮೆ ಇರುವ ಟೈರು ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲಿ ಹಿಡಿತ ಬಿಡುತ್ತದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಗೋವಾದಲ್ಲಿ ಇದು ಸಣ್ಣ ಮಾತಲ್ಲ.

ಅತಿಯಾದರೆ ಅಮೃತವೂ ವಿಷ. ಹವಾ ಹೆಚ್ಚಾದರೆ ಟೈರು ನಡುವಿನ ಪಟ್ಟಿಯಲ್ಲಷ್ಟೇ ರಸ್ತೆ ಮುಟ್ಟಿ ನಡುವೆ ಸವೆಯುತ್ತದೆ. ಖಾಲಿ ಗಾಡಿಯ ಹಿಂಭಾಗ ಕುಪ್ಪಳಿಸುತ್ತದೆ, ಒದ್ದೆ ತಿರುವಿನಲ್ಲಿ ಬ್ರೇಕ್ ಹಾಕಿದರೆ ಜಾರುತ್ತದೆ. ಗುಂಡಿಗೆ ಬಿದ್ದಾಗ ಪೆಟ್ಟೂ ಜೋರು.

ಹೋಗುವಾಗ ತುಂಬಿ, ಬರುವಾಗ ಖಾಲಿ ಓಡುವ ಗಾಡಿಗೆ ಏನು ಮಾಡಬೇಕು? ಅದೇ ದಿನ ಮರಳಿ ಲೋಡು ತುಂಬುವುದಿದ್ದರೆ ಲೋಡಿನ ಅಂಕಿಯಲ್ಲೇ ಇರಲಿ, ಖಾಲಿ ಬರುವಾಗ ನಿಧಾನವಾಗಿ ಬರಬೇಕು. ನಾಲ್ಕಾರು ದಿನ ಖಾಲಿ ಓಡುವುದಿದ್ದರೆ ಮಾತ್ರ ಬೆಳಗ್ಗೆ ಟೈರು ತಣ್ಣಗಿರುವಾಗ ಖಾಲಿ ಗಾಡಿಯ ಅಂಕಿಗೆ ಇಳಿಸಬಹುದು. ಮತ್ತೆ ಲೋಡು ಹಾಕುವ ಮೊದಲು ಏರಿಸಲು ಮರೆಯಬಾರದು.

ಹವಾ ಹೊಡೆದರೆ ಭಾರ ಹೊರುವುದೇ?

"ಎರಡು ಪೌಂಡು ಜಾಸ್ತಿ ಹೊಡೆದು ಇನ್ನೂ ಹತ್ತು ಚೀಲ ಹಾಕಿದರಾಯಿತು" ಎನ್ನುವವರಿದ್ದಾರೆ. ಟೈರಿನ ಬದಿಯಲ್ಲಿ 106/104 ಎಂಬಂಥ ಅಂಕಿ ಇರುತ್ತದೆ. 106 ಎಂದರೆ ಒಂಟಿ ಗಾಲಿಗೆ 950 ಕೆ.ಜಿ., 104 ಎಂದರೆ ಜೋಡಿ ಗಾಲಿ ಹಾಕಿದಾಗ ಒಂದೊಂದಕ್ಕೆ 900 ಕೆ.ಜಿ. ಮಿತಿ. ಹಿಂದೆ ಅಂಥ ಎರಡು ಒಂಟಿ ಗಾಲಿ ಇದ್ದರೆ ಒಟ್ಟು 1900 ಕೆ.ಜಿ. ಗಾಡಿಯ ಹಿಂಭಾಗದ ಸ್ವಂತ ತೂಕವೂ ಇದರೊಳಗೇ ಸೇರಿದೆ. 50 ಕೆ.ಜಿ.ಯ ಹತ್ತು ಚೀಲ ಹೆಚ್ಚಿಗೆ ಹೇರಿದರೆ ಅರ್ಧ ಟನ್ ಆಯಿತು. ಈ ಮಿತಿಯನ್ನು ಯಾವ ಹವಾದಿಂದಲೂ ದಾಟಿಸಲಾಗದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಓವರ್‌ಲೋಡಿಗೆ 20,000 ರೂ. ದಂಡ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ಕಟ್ಟಬೇಕು.

ನೈಟ್ರೋಜನ್ ತುಂಬಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ಇದೆ. ಸಾಮಾನ್ಯ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಯಾವುದನ್ನು ತುಂಬಿಸಿದರೂ ಪರೀಕ್ಷೆ ಮಾಡುವುದು ತಪ್ಪುವುದಿಲ್ಲ.

ನೆನಪಿಡಬೇಕಾದದ್ದು

* ಸ್ವಂತ ಗೇಜೊಂದು ಗಾಡಿಯಲ್ಲಿರಲಿ. ಟೈರನ್ನು ಕಾಲಿನಿಂದ ಒದ್ದು ಹವಾ ತಿಳಿಯಲಾಗದು.
* ವಾರಕ್ಕೊಮ್ಮೆ, ಮತ್ತು ಪ್ರತಿ ಸಲ ದೊಡ್ಡ ಲೋಡು ತುಂಬುವ ಮೊದಲು, ಬೆಳಗ್ಗೆ ಹೊರಡುವಾಗಲೇ ನೋಡಿ. ಪೆಟ್ರೋಲ್ ಬಂಕಿನಲ್ಲಿ ಹವಾ ಉಚಿತ.
* ಸ್ಟೆಪ್ನಿಯನ್ನು ಮರೆಯಬೇಡಿ. ಅದರಲ್ಲಿ ಹಿಂದಿನ ಗಾಲಿಗೆ ಬೇಕಾದಷ್ಟು ಹವಾ ಇರಲಿ.
* ವಾಲ್ವಿನ ಕ್ಯಾಪ್ ಹಾಕಿ. ಕೆಂಪು ಮಣ್ಣಿನ ಧೂಳು ಒಳಗೆ ಹೋದರೆ ಹವಾ ಸೋರುತ್ತದೆ.
* ಒಂದೇ ಟೈರಿನಲ್ಲಿ ಪದೇ ಪದೇ ಹವಾ ಇಳಿದರೆ ತುಂಬಿಸುತ್ತಾ ಹೋಗಬೇಡಿ, ಬಿಚ್ಚಿಸಿ ನೋಡಿ.
* ತೋಡು 1.6 ಮಿ.ಮೀ.ಗಿಂತ ಕಡಿಮೆಯಾದ ಟೈರು ಎಷ್ಟೇ ಹವಾ ಇದ್ದರೂ ಮಳೆಗಾಲಕ್ಕೆ ಆಗದು.

ಬಾಗಿಲ ಪಕ್ಕದ ಚೀಟಿ ಅಳಿಸಿಹೋಗಿದ್ದರೆ ಪುಸ್ತಕದಲ್ಲಿರುವ ಅಂಕಿಯನ್ನು ಕ್ಯಾಬಿನ್ನಿನಲ್ಲಿ ದೊಡ್ಡದಾಗಿ ಬರೆದಿಟ್ಟುಕೊಳ್ಳಬೇಕು. ಮುಂದಿನ ಸಲ ಪಂಕ್ಚರ್ ಅಂಗಡಿಯವರು "ಎಷ್ಟ ಹೊಡೀಲಿ?" ಎಂದಾಗ 'ಯಾವಾಗಿನಷ್ಟ' ಎನ್ನದೆ ಆ ಅಂಕಿಯನ್ನೇ ಹೇಳಿದರೆ ಸಾಕು. ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ, ಖರ್ಚೇನೂ ಇಲ್ಲ.