ಉಬುಂಟು ಕಂಪ್ಯೂಟರ್‌ಗಳಲ್ಲಿ ಪೈಥಾನ್ ಅಳವಡಿಕೆ: ದೋಷ ಓದುವ ಕ್ರಮ

ಪೀಠಿಕೆ

ಪಾಠಯೋಜನೆಯ ‘ಕಲಿಕೋಪಕರಣಗಳು’ ಎಂಬ ಕಲಮಿನಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ‘ಕಂಪ್ಯೂಟರ್’ ಎಂದು ಒಂದೇ ಪದದಲ್ಲಿ ಬರೆದು ಮುಗಿಸುತ್ತೇವೆ. ಶಾಲೆಗೆ ಹೋದ ಮೇಲೆ ಆ ಒಂದು ಪದ ಒಂದು ವಾರದ ಕೆಲಸವಾಗುವುದುಂಟು. ಕಂಪ್ಯೂಟರ್ ಇರುತ್ತದೆ, ವಿದ್ಯುತ್ ಇರುತ್ತದೆ, ಮಕ್ಕಳೂ ಇರುತ್ತಾರೆ; ಪಾಠಕ್ಕೆ ಬೇಕಾದ ತಂತ್ರಾಂಶ ಮಾತ್ರ ಇರುವುದಿಲ್ಲ. ಅದನ್ನು ಅಳವಡಿಸಲು ಹೋದರೆ ಪರದೆಯ ಮೇಲೆ ಇಂಗ್ಲಿಷಿನ ಹತ್ತು ಸಾಲು ಬಂದು ನಿಲ್ಲುತ್ತದೆ.

ಲಕಮನಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆದಾಗ ಅಲ್ಲಿನ ಪ್ರಯೋಗಾಲಯದ ಹತ್ತು ಕಂಪ್ಯೂಟರ್‌ಗಳಲ್ಲಿ ಈ ಕೆಲಸ ಮಾಡಿದೆ. ಅಲ್ಲಿ ಕಂಡ ದೋಷಗಳು, ಅವುಗಳ ಕಾರಣ, ಪರಿಹಾರ ಮತ್ತು ಅವನ್ನು ಮಕ್ಕಳ ಕಲಿಕೆಗೆ ಬಳಸಿಕೊಂಡ ರೀತಿಯನ್ನು ಈ ಲೇಖನದಲ್ಲಿ ವಿವರಿಸುತ್ತೇನೆ. ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಅಳವಡಿಕೆಯ ದೋಷವನ್ನು ಹುಡುಕುವುದು ನಮ್ಮ ಪಠ್ಯಕ್ರಮದಲ್ಲಿರುವ ನೈದಾನಿಕ ಪರೀಕ್ಷೆಯಂಥದೇ ಕೆಲಸ. ಆ ಕ್ರಮ ಬಲ್ಲ ಶಿಕ್ಷಕರಿಗೆ ಈ ಕೆಲಸಕ್ಕೆ ತಂತ್ರಜ್ಞರ ಪದವಿ ಬೇಕಿಲ್ಲ.

ಉಬುಂಟು ಮತ್ತು ಪೈಥಾನ್ ಏಕೆ

ಉಬುಂಟು ಮುಕ್ತ ತಂತ್ರಾಂಶ. ಮೊದಲ ಆವೃತ್ತಿ ಬಂದದ್ದು 2004ರಲ್ಲಿ. ಹಣ ಕೊಡದೆ ಎಷ್ಟು ಕಂಪ್ಯೂಟರ್‌ಗಳಿಗಾದರೂ ಹಾಕಿಕೊಳ್ಳಬಹುದಾದ್ದರಿಂದ ಶಾಲೆಗಳಿಗೆ ಅನುಕೂಲ. ಪೈಥಾನ್ ಭಾಷೆ 1991ರಿಂದ ಬಳಕೆಯಲ್ಲಿದೆ, ಅದೂ ಮುಕ್ತ. ಎನ್‌ಸಿಇಆರ್‌ಟಿಯ 11ನೆಯ ತರಗತಿಯ ಕಂಪ್ಯೂಟರ್ ವಿಜ್ಞಾನ ಪಠ್ಯ ಪೈಥಾನ್ ಕಲಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಐಟಿ ಪಠ್ಯದಲ್ಲಿ ಪ್ರೌಢಶಾಲೆಯ ಹಂತದಲ್ಲೇ ಅದನ್ನು ನೋಡುತ್ತಾರೆ. ನಮ್ಮ ಮಕ್ಕಳಿಗೂ ಅದರ ರುಚಿ ತೋರಿಸಬೇಕೆಂಬುದು ನನ್ನ ಉದ್ದೇಶವಾಗಿತ್ತು.

ಆರಿಸಿಕೊಂಡ ವಿಷಯ ಹಳೆಯದೇ: ಯೂಕ್ಲಿಡ್ ಕ್ರಮದಲ್ಲಿ ಎರಡು ಸಂಖ್ಯೆಗಳ ಮ.ಸಾ.ಅ. ಕಂಡುಹಿಡಿಯುವುದು. 9ನೆಯ ತರಗತಿಯ 20 ಮಕ್ಕಳು, ಒಂದೊಂದು ಕಂಪ್ಯೂಟರಿಗೆ ಇಬ್ಬರು.

ಕಂಪ್ಯೂಟರ್‌ಗಳಲ್ಲಿ ಉಬುಂಟು 22.04 ಇತ್ತು. ಅದರೊಡನೆ ಪೈಥಾನ್ 3.10 ಮೊದಲೇ ಬಂದಿರುತ್ತದೆ. ಟರ್ಮಿನಲ್‌ನಲ್ಲಿ ‘ಪೈಥಾನ್’ ಎಂದಷ್ಟೇ ಬೆರಳಚ್ಚಿಸಿದರೆ ಅಂಥ ಆಜ್ಞೆ ಇಲ್ಲ ಎನ್ನುತ್ತದೆ. ‘ಪೈಥಾನ್3’ ಎಂದು ಅಂಕಿ ಸೇರಿಸಿ ಬರೆಯಬೇಕು. ಹೊಸಬರು ಎಡವುವ ಮೊದಲ ಜಾಗ ಇದು. ಮಕ್ಕಳಿಗೆ ಬೇಕಾದದ್ದು ಪ್ರೋಗ್ರಾಂ ಬರೆದು ಓಡಿಸುವ ಸರಳ ಕಿಟಕಿ, ಅಂದರೆ ‘ಐಡಲ್’. ಅದು ಮೊದಲೇ ಇರುವುದಿಲ್ಲ. ಅದನ್ನು ತರಲು ಎರಡು ಆಜ್ಞೆ ಸಾಕು: ‘ಸುಡೊ ಆಪ್ಟ್ ಅಪ್‌ಡೇಟ್’, ಅನಂತರ ‘ಸುಡೊ ಆಪ್ಟ್ ಇನ್‌ಸ್ಟಾಲ್ ಐಡಲ್’. ಮೊದಲನೆಯದು ದೂರದ ಭಂಡಾರದಲ್ಲಿ ಏನೇನು ಇದೆ ಎಂಬ ಪಟ್ಟಿಯನ್ನು ಹೊಸದಾಗಿ ತರುತ್ತದೆ. ಎರಡನೆಯದು ಆ ಪಟ್ಟಿ ನೋಡಿ ಬೇಕಾದ ಸಾಮಾನನ್ನು ತರುತ್ತದೆ. ಪಟ್ಟಿ ಹಳತಾಗಿದ್ದರೆ ಸಾಮಾನು ಸಿಗುವುದಿಲ್ಲ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

‘ಸುಡೊ’ ಎಂದರೆ ಮೇಲ್ವಿಚಾರಕರ ಅಧಿಕಾರದಿಂದ ನಡೆಸು ಎಂದು ಅರ್ಥ. ಅದರ ಪಾಸ್‌ವರ್ಡ್ ಪ್ರಯೋಗಾಲಯ ನೋಡಿಕೊಳ್ಳುವ ಶಿಕ್ಷಕಿಯ ಬಳಿ ಇತ್ತು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಅವರೇ ಬಂದು ಪ್ರತಿ ಕಂಪ್ಯೂಟರಿನಲ್ಲೂ ಪಾಸ್‌ವರ್ಡ್ ಹಾಕಿಕೊಟ್ಟರು.

ಒಂದೇ ಲಕ್ಷಣ, ಹಲವು ಕಾರಣ

ಹತ್ತರಲ್ಲಿ ನಾಲ್ಕರಲ್ಲಿ ಐಡಲ್ ಬಂತು, ಆರರಲ್ಲಿ ಬರಲಿಲ್ಲ. ಮಕ್ಕಳ ತೀರ್ಮಾನ ಕೂಡಲೇ ಆಯಿತು: ‘ಸರ್, ಆರೂ ಕೆಟ್ಟಾವ್ರಿ.’ ಒಬ್ಬಳು ಪರದೆಯ ಸಾಲುಗಳನ್ನು ನೋಡಿ ‘ಇದು ನಮಗ ಬೈಯಾಕತ್ತೈತ್ರಿ’ ಎಂದಳು.

ಭಿನ್ನರಾಶಿಯ ಸಂಕಲನ ಕೊಟ್ಟಾಗ ಆರು ಮಕ್ಕಳ ಉತ್ತರ ತಪ್ಪಾಯಿತು ಎಂದುಕೊಳ್ಳಿ. ಆರಕ್ಕೂ ಸೊನ್ನೆ ಅಂಕ ಬೀಳುತ್ತದೆ. ಆದರೆ 1/2 + 1/3ಕ್ಕೆ 2/5 ಎಂದು ಬರೆದವನ ತೊಡಕು ಬೇರೆ, 1/6 ಎಂದು ಬರೆದವಳ ತೊಡಕು ಬೇರೆ. ಮೊದಲನೆಯವನು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾನೆ. ಎರಡನೆಯವಳು ಸಂಕಲನದ ಬದಲು ಗುಣಾಕಾರ ಮಾಡಿದ್ದಾಳೆ. ಇಬ್ಬರಿಗೂ ಇಡೀ ಪಾಠವನ್ನು ಮತ್ತೊಮ್ಮೆ ಹೇಳಿದರೆ ಪರಿಹಾರ ಬೋಧನೆ ಆಗುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲೂ ಹಾಗೆಯೇ. ‘ಬರಲಿಲ್ಲ’ ಎಂಬುದು ಲಕ್ಷಣ. ಕಾರಣ ಪರದೆಯ ಸಾಲುಗಳಲ್ಲಿರುತ್ತದೆ. ಆರು ಕಂಪ್ಯೂಟರ್‌ಗಳಲ್ಲಿ ನಮಗೆ ಸಿಕ್ಕಿದ್ದು ಐದು ಬೇರೆ ಬೇರೆ ಕಾರಣ.

1. ಕಾಗುಣಿತ. ಒಂದರಲ್ಲಿ ‘ಅಂಥ ಪ್ಯಾಕೇಜ್ ಕಾಣಲಿಲ್ಲ’ ಎಂಬ ಅರ್ಥದ ಸಾಲು ಇತ್ತು. ಬೆರಳಚ್ಚಿಸಿದ ಹೆಸರಿನಲ್ಲಿ ಎರಡು ಅಕ್ಷರ ಅದಲು ಬದಲಾಗಿದ್ದವು. ಹೆಸರು ಸರಿಯಿದ್ದೂ ಇದೇ ಸಾಲು ಬಂದರೆ, ಅಪ್‌ಡೇಟ್ ನಡೆದಿಲ್ಲ ಅಥವಾ ‘ಯೂನಿವರ್ಸ್’ ಎಂಬ ಭಂಡಾರ ತೆರೆದಿಲ್ಲ ಎಂದು ತಿಳಿಯಬೇಕು.

2. ಜಾಲ ಸಂಪರ್ಕ. ಇನ್ನೊಂದರಲ್ಲಿ ‘ವಿಳಾಸ ಪತ್ತೆಯಾಗುತ್ತಿಲ್ಲ, ತಾತ್ಕಾಲಿಕ ತೊಂದರೆ’ ಎಂದಿತ್ತು. ‘ಪಿಂಗ್ 8.8.8.8’ ಎಂದು ಕೇಳಿದೆವು, ಉತ್ತರವಿಲ್ಲ. ಕೇಬಲ್ ಅರ್ಧ ಹೊರಗೆ ಬಂದಿತ್ತು. ಅಂಕಿಯ ವಿಳಾಸಕ್ಕೆ ಉತ್ತರ ಬಂದು ಹೆಸರಿನ ವಿಳಾಸಕ್ಕೆ ಮಾತ್ರ ಬಾರದಿದ್ದರೆ ಕೇಬಲ್ ಸರಿಯಿದೆ, ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್ ವ್ಯವಸ್ಥೆ ಕೆಟ್ಟಿದೆ ಎಂದು ಅರ್ಥ.

3. ಬೀಗ. ಮೂರನೆಯದು ‘ಬೀಗಕ್ಕಾಗಿ ಕಾಯುತ್ತಿದ್ದೇನೆ’ ಎನ್ನುತ್ತಿತ್ತು. ಉಬುಂಟುವಿನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ತಂತ್ರಾಂಶ ಅಳವಡಿಸಬಹುದು. ಒಳಗೆ ಹೋದವರು ಬೀಗ ಹಾಕಿಕೊಳ್ಳುತ್ತಾರೆ. ಬಹುದಿನಗಳ ಮೇಲೆ ಹಚ್ಚಿದ ಕಂಪ್ಯೂಟರ್ ತಾನೇ ಹಿನ್ನೆಲೆಯಲ್ಲಿ ಸುರಕ್ಷತಾ ನವೀಕರಣಕ್ಕೆ ತೊಡಗಿರುತ್ತದೆ. ಬೀಗ ಯಾರ ಕೈಯಲ್ಲಿದೆ ಎಂಬುದನ್ನೂ ಅದೇ ಸಾಲು ಹೆಸರು ಸಮೇತ ಹೇಳುತ್ತದೆ. ಇಲ್ಲಿ ಮದ್ದು ಕಾಯುವುದು. ನಾವು ಕಾದೆವು, ಕೆಲಸ ತಾನೇ ಮುಂದುವರಿಯಿತು.

4. ನಡುವೆ ಹೋದ ವಿದ್ಯುತ್. ನಾಲ್ಕನೆಯದರಲ್ಲಿ ‘ಹಿಂದಿನ ಅಳವಡಿಕೆ ಅರ್ಧಕ್ಕೆ ನಿಂತಿದೆ’ ಎಂಬ ಸಂದೇಶ ಬಂತು. ಹಿಂದೆಂದೋ ತಂತ್ರಾಂಶ ಹಾಕುವಾಗ ಕಂಪ್ಯೂಟರ್ ತಟ್ಟನೆ ಆರಿರಬೇಕು. ಏನು ಮಾಡಬೇಕೆಂಬುದನ್ನು ಈ ಸಂದೇಶವೇ ಹೇಳುತ್ತದೆ: ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’. ಅದನ್ನು ಕೊಟ್ಟೊಡನೆ ಅರ್ಧ ಉಳಿದ ಕೆಲಸ ಮುಗಿಯಿತು, ಹೊಸ ಕೆಲಸಕ್ಕೆ ದಾರಿಯಾಯಿತು.

5. ಗಡಿಯಾರ. ಉಳಿದ ಎರಡು ಕಂಪ್ಯೂಟರ್‌ಗಳ ಕಾರಣ ಒಂದೇ. ಎಲ್ಲರಿಗೂ ಹೆಚ್ಚು ಕಲಿಸಿದ್ದು ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲ ದೋಷ ಮೇಲಿರುತ್ತದೆ

ಈ ಎರಡರಲ್ಲೂ ಕೊನೆಗೆ ಕಾಣುತ್ತಿದ್ದ ಸಾಲು ‘404’ ಎಂಬ ಸಂಖ್ಯೆಯದು; ಕೇಳಿದ ಕಡತ ಭಂಡಾರದಲ್ಲಿಲ್ಲ ಎಂದು ಅದರ ಅರ್ಥ. ಅದರ ಕೆಳಗೆ ‘ಅಪ್‌ಡೇಟ್ ಮಾಡಿ ನೋಡಿ’ ಎಂಬ ಸಲಹೆಯೂ ಇತ್ತು. ಮಕ್ಕಳು ಸಲಹೆಯಂತೆ ಮತ್ತೆ ಮತ್ತೆ ಅಪ್‌ಡೇಟ್ ಕೊಟ್ಟರು, ಮತ್ತೆ ಮತ್ತೆ 404 ಬಂತು.

ಆಗ ಪರದೆಯನ್ನು ಮೇಲಕ್ಕೆ ಸರಿಸಿ, ‘ಇ’ ಅಕ್ಷರದಿಂದ ಶುರುವಾಗುವ ಮೊಟ್ಟಮೊದಲ ಸಾಲನ್ನು ಹುಡುಕಲು ಹೇಳಿದೆ. ಈ ‘ಇ’ ಎಂದರೆ ಎರರ್. ‘ಡಬ್ಲ್ಯು’ ಎಂದಿದ್ದರೆ ಬರಿಯ ಎಚ್ಚರಿಕೆ. ಅಪ್‌ಡೇಟ್‌ನ ಸಾಲುಗಳ ನಡುವೆ ಅದು ಸಿಕ್ಕಿತು: ಭಂಡಾರದ ಪಟ್ಟಿ ‘ಇನ್ನೂ ಜಾರಿಗೆ ಬಂದಿಲ್ಲ’, ಜಾರಿಗೆ ಬರಲು ಇನ್ನೂ ಇಷ್ಟು ದಿನ ಇದೆ.

ಇವತ್ತು ತಂದ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ ಎಂದರೇನು? ಒಬ್ಬ ಹುಡುಗ ಪರದೆಯ ಮೇಲಂಚಿನ ದಿನಾಂಕ ತೋರಿಸಿದ. ಕಂಪ್ಯೂಟರ್ ವರ್ಷಗಳಷ್ಟು ಹಿಂದೆ ಇತ್ತು. ಭಂಡಾರದ ಪಟ್ಟಿಗೆ ದಿನಾಂಕವೂ ಡಿಜಿಟಲ್ ಸಹಿಯೂ ಇರುತ್ತವೆ. ತನ್ನ ಗಡಿಯಾರಕ್ಕಿಂತ ಮುಂದಿನ ದಿನಾಂಕದ ಪಟ್ಟಿಯನ್ನು ಕಂಪ್ಯೂಟರ್ ನಂಬುವುದಿಲ್ಲ, ತಳ್ಳಿಹಾಕುತ್ತದೆ. ಹೊಸ ಪಟ್ಟಿ ಬಾರದ್ದರಿಂದ ಹಳೆಯ ಪಟ್ಟಿಯಲ್ಲಿದ್ದ ಕಡತವನ್ನು ಕೇಳುತ್ತದೆ, ಆ ಹಳೆಯ ಕಡತ ಭಂಡಾರದಿಂದ ಎಂದೋ ಹೋಗಿದೆ, ಆದ್ದರಿಂದ 404. ಒಂದರ ಹಿಂದೆ ಒಂದು ಬಂದ ಮೂರು ತೊಂದರೆಗಳಲ್ಲಿ ಕಣ್ಣಿಗೆ ಬಿದ್ದದ್ದು ಮೂರನೆಯದು ಮಾತ್ರ.

ಗಡಿಯಾರ ಹಿಂದೆ ಬಿದ್ದದ್ದೇಕೆ? ಮದರ್‌ಬೋರ್ಡಿನ ಮೇಲೆ ಒಂದು ಗುಂಡಿಯಾಕಾರದ ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಅದು ‘ಸಿಆರ್2032’. ಕಂಪ್ಯೂಟರ್ ಆರಿದ್ದಾಗ ಗಡಿಯಾರ ಓಡಿಸುವುದು ಅದೇ. ವರ್ಷಗಟ್ಟಲೆ ಆದ ಮೇಲೆ ಅದು ಬತ್ತುತ್ತದೆ. ಜೊತೆಗೆ ಈ ಎರಡರಲ್ಲೂ ‘ಸ್ವಯಂಚಾಲಿತ ದಿನಾಂಕ ಮತ್ತು ಸಮಯ’ ಎಂಬ ಆಯ್ಕೆ ಮುಚ್ಚಿತ್ತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆರೆದಾಗ ದಿನಾಂಕ ಸರಿಹೋಯಿತು, ಅಪ್‌ಡೇಟ್ ಆಯಿತು, ಐಡಲ್ ಬಂತು. ಇದೇ ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸುವ ಕೆಲಸವನ್ನು ಶಾಲೆಗೆ ಬಿಟ್ಟೆವು. ಪೆಟ್ಟಿಗೆ ಬಿಚ್ಚುವುದು ಪ್ರಶಿಕ್ಷಣಾರ್ಥಿಗಳ ಅಧಿಕಾರದೊಳಗಿನ ಮಾತಲ್ಲ.

ಮಾಡಬಾರದ ಮೂರು ಕೆಲಸ

ದೋಷ ಕಂಡಾಗ ಅವಸರದಲ್ಲಿ ಯಾರೋ ಕೊಟ್ಟ ಆಜ್ಞೆಯನ್ನು ನಕಲು ಮಾಡಿ ಅಂಟಿಸುವ ಆಸೆ ಬರುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ಅದು ದುಬಾರಿ. ನಮ್ಮ ಬೋಧನಾಭ್ಯಾಸ ವಾರಗಳ ಲೆಕ್ಕದ್ದು. ಕಂಪ್ಯೂಟರ್‌ಗಳು ಅಲ್ಲೇ ಉಳಿಯುತ್ತವೆ. ನಾವು ಹೋದ ಮೇಲೆ ಒಂದು ಕೆಟ್ಟು ನಿಂತರೆ ಪ್ರಯೋಗಾಲಯದ ಬಾಗಿಲಿಗೆ ಬೀಗ ಬೀಳಬಹುದು, ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೂ ಅದು ತೆರೆಯದೆ ಹೋಗಬಹುದು.

ಒಂದು, ಬೀಗದ ಕಡತವನ್ನು ಅಳಿಸಬಾರದು. ಒಳಗೆ ಕೆಲಸ ನಡೆಯುತ್ತಿರುವಾಗ ಬೀಗ ಒಡೆದರೆ ಅಳವಡಿಕೆಯ ದಾಖಲೆಗಳೇ ಕಲಸಿಹೋಗುತ್ತವೆ.

ಎರಡು, ‘ಪೈಥಾನ್ ತೆಗೆದು ಮತ್ತೆ ಹಾಕೋಣ’ ಎಂದು ಮೊದಲಿಂದ ಇರುವ ಪೈಥಾನ್3 ಅನ್ನು ತೆಗೆಯಬಾರದು. ಉಬುಂಟುವಿನ ಎಷ್ಟೋ ಸಲಕರಣೆಗಳು ಅದರ ಮೇಲೇ ನಿಂತಿವೆ. ಅದನ್ನು ಕಿತ್ತರೆ ಡೆಸ್ಕ್‌ಟಾಪ್ ಕೂಡ ಜೊತೆಗೆ ಹೋಗುತ್ತದೆ.

ಮೂರು, ‘ಪಿಪ್’ ಎಂಬ ಸಲಕರಣೆಯನ್ನು ಸುಡೊ ಜೊತೆ ಓಡಿಸಬಾರದು. ಅದು ತರುವ ಕಡತಗಳು ವ್ಯವಸ್ಥೆಯ ಕಡತಗಳೊಂದಿಗೆ ತಿಕ್ಕಾಟಕ್ಕೆ ಬೀಳಬಹುದು. ಉಬುಂಟು 24.04ರಲ್ಲಿ ವ್ಯವಸ್ಥೆಯ ಪೈಥಾನಿಗೆ ಪಿಪ್‌ನಿಂದ ಏನನ್ನಾದರೂ ಸೇರಿಸಲು ಹೋದರೆ ಕಂಪ್ಯೂಟರೇ ತಡೆಯುತ್ತದೆ. ಹೆಚ್ಚಿನ ಸಲಕರಣೆ ಬೇಕಾದರೆ ‘ವೆನ್ವ್’ ಎಂಬ ಪ್ರತ್ಯೇಕ ಕೋಣೆ ಕಟ್ಟಿಕೊಂಡು ಅಲ್ಲಿ ಹಾಕಬೇಕು. ಬೇಡವಾದಾಗ ಆ ಕೋಣೆಯ ಫೋಲ್ಡರ್ ಅಳಿಸಿದರೆ ಸಾಕು, ಮನೆಗೆ ಧಕ್ಕೆಯಿಲ್ಲ.

ಮಕ್ಕಳ ಕೈಗೆ ಕೊಟ್ಟ ಕ್ರಮ

ಲಕಮನಹಳ್ಳಿ ಕೈಗಾರಿಕಾ ಪ್ರದೇಶ. ಯಂತ್ರಗಳ ನಡುವೆ ದುಡಿಯುವವರ ಮಕ್ಕಳು ತರಗತಿಯಲ್ಲಿದ್ದರು. ಎಲ್ಲಿಂದ ಹುಡುಕಬೇಕು ಎಂದು ಕೇಳಿದಾಗ ಒಬ್ಬ ಹೇಳಿದ: ‘ಮಷಿನ್ ನಿಂತ್ರ ನಮ್ಮಪ್ಪ ಮೊದಲ ಕರೆಂಟ್ ಬರಾಕತ್ತೈತೇನ್ ನೋಡ್ತಾನ್ರಿ, ಆಮ್ಯಾಲ ಬಿಚ್ಚತಾನ್ರಿ.’ ಹತ್ತಿರದ ಕಾರಣ ಮೊದಲು, ದೂರದ್ದು ಆಮೇಲೆ. ಈ ಮಾತನ್ನೇ ಕಪ್ಪುಹಲಗೆಯ ಮೇಲೆ ಕ್ರಮವಾಗಿ ಬರೆದೆವು: ವಿದ್ಯುತ್, ಕೇಬಲ್, ದಿನಾಂಕ, ಕಾಗುಣಿತ, ಆಮೇಲೆ ತಂತ್ರಾಂಶ.

ಪ್ರತಿ ಜೋಡಿಗೂ ಒಂದು ‘ದೋಷ ಪತ್ರ’ ಕೊಟ್ಟೆ. ಅದರಲ್ಲಿ ನಾಲ್ಕು ಕಲಮು: ನಾವು ಕೊಟ್ಟ ಆಜ್ಞೆ, ಪರದೆಯಲ್ಲಿ ಬಂದ ಮೊದಲ ದೋಷದ ಸಾಲು, ನಮ್ಮ ಊಹೆ, ಊಹೆ ಸರಿಯೇ ಎಂದು ನೋಡಿದ ಬಗೆ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು ಎಂಬುದು ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ವಿಜ್ಞಾನದ ಪ್ರಯೋಗದಲ್ಲಿ ನಾವು ಹೇಳುವ ನಿಯಂತ್ರಿತ ಚರದ ಪಾಠವೇ ಇದು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಸಾಲುಗಳ ಭಯ ದೊಡ್ಡದು. ಆದರೆ ಈ ಸಂದೇಶಗಳಲ್ಲಿ ಮರಳಿ ಮರಳಿ ಬರುವ ಪದಗಳು ಕೆಲವೇ. ‘ಅನೇಬಲ್’ ಎಂದರೆ ಆಗಲಿಲ್ಲ, ‘ನಾಟ್ ಫೌಂಡ್’ ಎಂದರೆ ಸಿಗಲಿಲ್ಲ, ‘ಲಾಕ್’ ಎಂದರೆ ಬೀಗ, ‘ಡಿನೈಡ್’ ಎಂದರೆ ಅನುಮತಿ ಇಲ್ಲ, ‘ಇಂಟರಪ್ಟೆಡ್’ ಎಂದರೆ ನಡುವೆ ನಿಂತಿತು. ಇಂಥ ಪದಗಳ ಪಟ್ಟಿಯನ್ನು ಮಕ್ಕಳೇ ಬರೆದು ಗೋಡೆಗೆ ಅಂಟಿಸಿದರು. ‘ಡಿನೈಡ್’ ಬಂದರೆ ಸುಡೊ ಬಿಟ್ಟಿರಬಹುದು ಎಂದು ಎರಡನೆಯ ದಿನ ಅವರೇ ಹೇಳತೊಡಗಿದರು.

ಅಳವಡಿಕೆಯನ್ನು ಪರೀಕ್ಷಿಸಲು 48 ಮತ್ತು 18ರ ಮ.ಸಾ.ಅ. ತೆಗೆದುಕೊಂಡೆವು. 48ನ್ನು 18ರಿಂದ ಭಾಗಿಸಿದರೆ ಶೇಷ 12. 18ನ್ನು 12ರಿಂದ ಭಾಗಿಸಿದರೆ 6. 12ನ್ನು 6ರಿಂದ ಭಾಗಿಸಿದರೆ 0. ಉತ್ತರ 6. ಕಾಗದದ ಮೇಲೆ ಮೊದಲು ಮಾಡಿ, ಆಮೇಲೆ ಪ್ರೋಗ್ರಾಂ ಓಡಿಸಿದರು. ಪೈಥಾನ್ 3 ಯುನಿಕೋಡ್ ಬಲ್ಲದಾದ್ದರಿಂದ ಉತ್ತರದ ವಾಕ್ಯವನ್ನು ಕನ್ನಡದಲ್ಲೇ ಬರೆಯಿಸಬಹುದು. ಅದೇ ವಾಕ್ಯ ಟರ್ಮಿನಲ್‌ನಲ್ಲಿ ಬಂದಾಗ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರದಿರಬಹುದು; ಅದು ಟರ್ಮಿನಲ್ ಅಕ್ಷರ ಮೂಡಿಸುವ ರೀತಿಯ ಕೊರತೆ, ಪೈಥಾನ್ ಅಳವಡಿಕೆಯ ದೋಷವಲ್ಲ.

ಉಪಸಂಹಾರ

ಅಳವಡಿಕೆಗೂ ದೋಷ ಪತ್ತೆಗೂ 40 ನಿಮಿಷದ ಎರಡು ಅವಧಿ ಹಿಡಿದವು, ಮ.ಸಾ.ಅ. ಪಾಠಕ್ಕೆ ಒಂದು. ಎರಡು ಅವಧಿ ವ್ಯರ್ಥವಾಯಿತೆಂದು ಕೆಲವರಿಗೆ ಅನ್ನಿಸಬಹುದು. ಪಾಠಯೋಜನೆಯಲ್ಲಿ ಅವನ್ನು ‘ಪೂರ್ವಸಿದ್ಧತೆ’ ಎಂದು ಬರೆಯದೆ ಪಾಠ ಎಂದೇ ಬರೆದು, ಕಲಿಕಾ ಫಲವನ್ನೂ ಹಾಕಬೇಕೆಂಬುದು ನನ್ನ ಸಲಹೆ: ‘ದೋಷ ಸಂದೇಶದ ಮೊದಲ ಸಾಲನ್ನು ಓದಿ ಕಾರಣ ಊಹಿಸುತ್ತಾರೆ, ಊಹೆಯನ್ನು ಪರೀಕ್ಷಿಸುತ್ತಾರೆ.’

ಬೋಧನಾಭ್ಯಾಸಕ್ಕೆ ಹೊರಡುವ ಮಿತ್ರರು ಮೊದಲ ವಾರದಲ್ಲೇ ಪ್ರಯೋಗಾಲಯಕ್ಕೆ ಹೋಗಿ ಪ್ರತಿ ಕಂಪ್ಯೂಟರಿನ ದಿನಾಂಕ, ಕೇಬಲ್, ಉಬುಂಟು ಆವೃತ್ತಿ ಈ ಮೂರನ್ನು ಬರೆದುಕೊಳ್ಳಲಿ. ಹಿಂತಿರುಗುವಾಗ ತುಂಬಿದ ದೋಷ ಪತ್ರಗಳನ್ನು ಶಾಲೆಯಲ್ಲೇ ಬಿಟ್ಟು ಬರಲಿ. ಲಕಮನಹಳ್ಳಿಯ ಆ ಹತ್ತು ಪತ್ರಗಳು ಈಗ ಪ್ರಯೋಗಾಲಯದ ಕಪಾಟಿನಲ್ಲಿವೆ. ಮುಂದೆ ಯಾವುದಾದರೂ ಕಂಪ್ಯೂಟರ್ 404 ಎಂದರೆ ಅಲ್ಲಿನ ಶಿಕ್ಷಕಿ ಮೊದಲು ದಿನಾಂಕ ನೋಡುತ್ತಾರೆ.