ಬೀದಿಗೆ ಬಿದ್ದ ಮಳೆ

ಬೆಂಗಳೂರಿಗೆ ತನ್ನದೆನ್ನಬಹುದಾದ ಜೀವನದಿಯಿಲ್ಲ. ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿಸಿ ತರಬೇಕು. ಆಕಾಶವಾದರೋ ವರ್ಷಕ್ಕೆ ಸರಾಸರಿ 97 ಸೆಂಟಿಮೀಟರು ಮಳೆಯನ್ನು ನಮ್ಮ ಬಾಗಿಲಿಗೇ ತಂದು ಸುರಿಯುತ್ತದೆ. ಅದನ್ನು ನಾವು ಮೋರಿಗೆ ಹರಿಯಬಿಡುತ್ತೇವೆ. 2024ರ ಬೇಸಿಗೆಯಲ್ಲಿ ಇಲ್ಲಿ ಸಾವಿರಾರು ಕೊಳವೆ ಬಾವಿಗಳು ಬತ್ತಿದುವು. ಮಳೆ ಬಂದಾಗ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಬಾಯಾರಿಕೆಯೂ ನೆರೆಯೂ ಒಂದೇ ತಪ್ಪಿನ ಎರಡು ಮುಖಗಳು.

ಲೆಕ್ಕ ಸರಳವಾದುದು. ಒಂದು ಕಿಲೋಮೀಟರು ಉದ್ದ, 10 ಮೀಟರು ಅಗಲದ ರಸ್ತೆಯ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರು ನೀರು. ವರ್ಷದ ಮಳೆಗೆ 97 ಲಕ್ಷ. ಡಾಂಬರು ಇದರಲ್ಲಿ ಹೀರಿಕೊಳ್ಳುವುದು ಅತ್ಯಲ್ಪ. ಹಿಂದೆ ಬರಿಯ ಮಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ನಾವು ಬುದ್ಧಿಪೂರ್ವಕವಾಗಿ ಮಾಡಬೇಕಾಗಿದೆ.

ಅದಕ್ಕೆ ಸಾಧನ ಇಂಗುಬಾವಿ. ರಸ್ತೆಯ ಪಕ್ಕದ ಚರಂಡಿಯ ನೀರು ಮೊದಲು ಒಂದು ತೊಟ್ಟಿಯಲ್ಲಿ ನಿಂತು ಹೂಳನ್ನು ಕೆಳಗಿಳಿಸುತ್ತದೆ. ಬಳಿಕ ಜಲ್ಲಿ, ಮರಳುಗಳ ಪದರಗಳಲ್ಲಿ ಸೋಸಿ ಬಾವಿಗೆ ಇಳಿಯುತ್ತದೆ. ಸುಮಾರು ಮೂರು ಅಡಿ ಅಗಲ, ಇಪ್ಪತ್ತು ಮೂವತ್ತು ಅಡಿ ಆಳದ ಈ ಬಾವಿಗೆ ಸಿಮೆಂಟಿನ ಬಳೆಗಳನ್ನು ಇಳಿಸಿರುತ್ತಾರೆ. ತಳಕ್ಕೆ ಗಾರೆ ಹಾಕುವುದಿಲ್ಲ. ನೀರು ಅಲ್ಲಿಂದ ಶಿಥಿಲವಾದ ಶಿಲೆಯ ಪದರವನ್ನು ಸೇರಿ, ಗಟ್ಟಿಬಂಡೆಯ ಬಿರುಕುಗಳೆಡೆಗೆ ಮೆಲ್ಲನೆ ಸರಿಯುತ್ತದೆ.

ಆದರೆ ರಸ್ತೆಯ ನೀರು ಮನೆಯ ಮಾಳಿಗೆಯ ನೀರಲ್ಲ. ಅದರಲ್ಲಿ ಎಣ್ಣೆಯಿದೆ, ಟೈರಿನ ಪುಡಿಯಿದೆ, ಸಗಣಿಯಿದೆ. ಜಲ್ಲಿ ಮರಳುಗಳು ಕೆಸರನ್ನು ತಡೆಯಬಲ್ಲವು. ಕರಗಿದ ವಿಷವನ್ನು ತಡೆಯಲಾರವು. ಆದುದರಿಂದ ಮೊದಲ ಮಳೆಯನ್ನು ಹೊರಗೆ ಹರಿಯಬಿಡಬೇಕು. ಕೊಳವೆ ಬಾವಿಯೊಳಕ್ಕೆ ನೇರವಾಗಿ ಬೀದಿಯ ನೀರನ್ನು ಬಿಡಲೇಬಾರದು. ಒಳಚರಂಡಿಯ ಕೊಳಚೆ ಸೇರುವ ಮೋರಿಯ ಬಳಿ ಇಂಗುಬಾವಿಯನ್ನು ತೋಡಲೂಬಾರದು. ಹರಿಯುವ ನದಿ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ನೆಲದಡಿಯ ನೀರು ಕೆಟ್ಟರೆ ಕುಡಿದವನಿಗೆ ಮಾತ್ರ ತಿಳಿಯುತ್ತದೆ, ಅದೂ ತಡವಾಗಿ.

ನಿರ್ದಿಷ್ಟ ಅಳತೆಯ ನಿವೇಶನಗಳ ಕಟ್ಟಡಗಳಿಗೆ ಮಳೆಕೊಯ್ಲನ್ನು 2009ರಲ್ಲಿಯೇ ಕಡ್ಡಾಯ ಮಾಡಲಾಯಿತು. ಮನೆಗೆ ಒಡೆಯನಿದ್ದಾನೆ, ಬೀದಿ ಎಲ್ಲರದಾದುದರಿಂದ ಯಾರದೂ ಅಲ್ಲ ಎನ್ನುವಂತಾಗಿದೆ. ಬಾವಿ ತೋಡುವುದು ನಾಲ್ಕು ದಿನದ ಕೆಲಸ. ಪ್ರತಿ ಮುಂಗಾರಿಗೆ ಮೊದಲು ತೊಟ್ಟಿಯ ಹೂಳೆತ್ತುವುದು ಎಂದೆಂದಿಗೂ ಮುಗಿಯದ ಕೆಲಸ. ಹೂಳೆತ್ತದ ಇಂಗುಬಾವಿ ಒಂದೆರಡು ಮಳೆಗಾಲದಲ್ಲಿ ಕಸದ ಗುಂಡಿಯಾಗುತ್ತದೆ. ಕೆರೆ ಕಟ್ಟಿದ ನಮ್ಮ ಹಿರಿಯರು ಅದರ ಹೂಳೆತ್ತುವುದನ್ನೂ ಊರಿನ ಹೊಣೆಯೆಂದೇ ಬಗೆದಿದ್ದರು. ಬೀದಿಯ ಬಾವಿಗೂ ಅಂಥ ಒಂದು ಊರು ಬೇಕಾಗಿದೆ.